ಅಮೆರಿಕದಲ್ಲಿ "ಅಮೆರಿಕನ್ ಕಾರು" ಕೊಳ್ಳುವಾಗ ಏನು ನೋಡಬೇಕು? ಲೇಬಲ್, ವಿನ್ ನಂಬರ್, ಎಂಜಿನ್, ತುಕ್ಕು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಸುತ್ತಮುತ್ತ ಓಡಿಸಲು ಕಾರು ಬೇಕಾಗಿದೆ. ಬಜೆಟ್ 15ರಿಂದ 20 ಸಾವಿರ ಡಾಲರ್, ಆದ್ದರಿಂದ ಸೆಕೆಂಡ್ ಹ್ಯಾಂಡ್. ವರ್ಷಕ್ಕೆ ಸುಮಾರು 12 ಸಾವಿರ ಮೈಲಿ ಓಡಾಟ. ಚಳಿಗಾಲದಲ್ಲಿ ರಸ್ತೆ ತುಂಬ ಹಿಮ ಮತ್ತು ಉಪ್ಪು. ಕೊಡುವ ದುಡ್ಡು ಇಲ್ಲಿ ದುಡಿಯುವವರ ಕೈ ಸೇರಲಿ ಎಂಬ ಆಸೆ ಇದೆ, ಹಾಗಂತ ಪದೇ ಪದೇ ಗ್ಯಾರೇಜಿಗೆ ಅಲೆಸುವ ಗಾಡಿಯೂ ಬೇಡ. ಪಟ್ಟಿಯಲ್ಲಿರುವುದು ಶೆವಿ ಈಕ್ವಿನಾಕ್ಸ್, ಫೋರ್ಡ್ ಎಸ್ಕೇಪ್, ಫೋರ್ಡ್ ಫ್ಯೂಷನ್, ಜೀಪ್ ಗ್ರ್ಯಾಂಡ್ ಚೆರೋಕಿ. ಟೊಯೋಟಾ ಕ್ಯಾಮ್ರಿಯೇ ಇವುಗಳಿಗಿಂತ ಹೆಚ್ಚು ಅಮೆರಿಕನ್ ಅಂತ ಹೇಳುವವರೂ ಇದ್ದಾರೆ. ಯಾವುದು ಇಲ್ಲಿ ತಯಾರಾದದ್ದು ಅಂತ ದಾಖಲೆ ನೋಡಿ ತಿಳಿಯುವುದು ಹೇಗೆ? ಆಮೇಲೆ, ಅದರ ಗುಣಮಟ್ಟ ಅಳೆಯುವುದು ಹೇಗೆ?

ಟ್ರಾಯ್ ಗೌಡ

ಮೊದಲ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. 1992ರ ಅಮೆರಿಕನ್ ಆಟೊಮೊಬೈಲ್ ಲೇಬಲಿಂಗ್ ಆಕ್ಟ್ ಪ್ರಕಾರ, 1994ರ ಅಕ್ಟೋಬರ್‌ನಿಂದ ಈಚೆಗೆ ತಯಾರಾದ ಪ್ರತಿಯೊಂದು ಹೊಸ ಕಾರಿನ ಕಿಟಕಿಗೂ "ಪಾರ್ಟ್ಸ್ ಕಂಟೆಂಟ್" ಲೇಬಲ್ ಅಂಟಿಸಲೇಬೇಕು. ಬೆಲೆಯ ಸ್ಟಿಕ್ಕರ್‌ನಲ್ಲೇ ಒಂದು ಮೂಲೆಯಲ್ಲಿ ಇರುತ್ತದೆ. ಅಮೆರಿಕ ಮತ್ತು ಕೆನಡಾದ ಬಿಡಿಭಾಗ ಶೇಕಡಾ ಎಷ್ಟು, 15ಕ್ಕಿಂತ ಕಡಿಮೆಯಿಲ್ಲದ ಪಾಲು ಬೇರೆ ಯಾವ ದೇಶದ್ದು, ಗಾಡಿಯನ್ನು ಕೊನೆಗೆ ಜೋಡಿಸಿದ್ದು ಯಾವ ಊರಿನಲ್ಲಿ, ಎಂಜಿನ್ ಯಾವ ದೇಶದ್ದು, ಗೇರ್‌ಬಾಕ್ಸ್ ಯಾವ ದೇಶದ್ದು, ಇಷ್ಟನ್ನೂ ಅದು ಹೇಳುತ್ತದೆ.

ಲೇಬಲ್ ಓದುವಾಗ ಎಡವುವುದು ಈ ಕಡೆ: ಆ ಶೇಕಡಾವಾರಿನಲ್ಲಿ ಅಮೆರಿಕ, ಕೆನಡಾ ಎರಡೂ ಸೇರಿಯೇ ಇರುತ್ತವೆ, ಬಿಡಿಸಿ ತೋರಿಸುವುದಿಲ್ಲ. ಲೆಕ್ಕವನ್ನು ಆ ಮಾದರಿ ಸಾಲಿಗೆಲ್ಲ ಒಟ್ಟಾಗಿ ಹಾಕಿರುತ್ತಾರೆ, ನಿಮ್ಮ ಎದುರಿಗಿರುವ ಗಾಡಿಗೆ ಪ್ರತ್ಯೇಕವಾಗಿ ಅಲ್ಲ. ಕೊನೆಯ ಜೋಡಣೆಯ ಕೂಲಿ ಅದರಲ್ಲಿ ಸೇರುವುದಿಲ್ಲ. ಹೊರಗಿನ ಸರಬರಾಜುದಾರರ ಬಿಡಿಭಾಗದಲ್ಲಿ ಶೇಕಡಾ 70ರಷ್ಟು ಮೌಲ್ಯ ಇಲ್ಲಿಯದಾದರೆ ಅದನ್ನು ಪೂರ್ತಿ ನೂರು ಅಂತಲೇ ಎಣಿಸಲು ಕಾನೂನು ಬಿಡುತ್ತದೆ. ಹಾಗಾಗಿ 60 ಮತ್ತು 65ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 20 ಮತ್ತು 65ರ ನಡುವಿನದು ಮಾತ್ರ ನಿಜವಾದ ವ್ಯತ್ಯಾಸ. ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ದೊಡ್ಡ ಪಿಕಪ್‌ಗಳಿಗೆ ಈ ಲೇಬಲ್ ಕಡ್ಡಾಯವಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಲೇಬಲ್ ಉಳಿದಿರುವುದಿಲ್ಲ. ಆದರೆ ಹೆದ್ದಾರಿ ಸುರಕ್ಷತಾ ಇಲಾಖೆ, ಅಂದರೆ ಎನ್‌ಎಚ್‌ಟಿಎಸ್‌ಎ, ಪ್ರತಿ ವರ್ಷದ ಪಟ್ಟಿಯನ್ನು ತನ್ನ ತಾಣದಲ್ಲಿ ಇಟ್ಟಿರುತ್ತದೆ. ಅಲ್ಲಿಯೇ ವಿನ್ ನಂಬರ್, ಅಂದರೆ ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ, ಹಾಕಿದರೆ ಕಾರ್ಖಾನೆಯ ಹೆಸರು, ಊರು ಬರುತ್ತದೆ.

ಕಾವೇರಿ ಕೆಂಟಕಿ

ವಿನ್ ನಂಬರ್ ಬಗ್ಗೆ ಗೌಡರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. 17 ಅಕ್ಷರಗಳಲ್ಲಿ ಮೊದಲನೆಯದು ದೇಶ ಹೇಳುತ್ತದೆ. 1, 4, 5 ಇದ್ದರೆ ಅಮೆರಿಕ, ಈಚಿನ ವರ್ಷಗಳಲ್ಲಿ 7 ಕೂಡ. 2 ಕೆನಡಾ, 3 ಮೆಕ್ಸಿಕೊ, ಜೆ ಜಪಾನ್, ಕೆ ಕೊರಿಯಾ, ಎಲ್ ಚೀನಾ, ಡಬ್ಲ್ಯು ಜರ್ಮನಿ, ಝಡ್ ಇಟಲಿ. ಹತ್ತನೆಯ ಅಕ್ಷರ ಮಾದರಿ ವರ್ಷ, ಹನ್ನೊಂದನೆಯದು ಕಾರ್ಖಾನೆ.

ಒಂದೇ ಹೆಸರಿನ ಕಾರು ಬೇರೆ ಬೇರೆ ದೇಶದಿಂದ ಬರುತ್ತದೆ ಅನ್ನುವುದು ಇಲ್ಲಿ ಎದ್ದು ಕಾಣುತ್ತದೆ. ಟೊಯೋಟಾ ರ್‍ಯಾವ್4 ನೋಡಿ: ವಿನ್ 2ಟಿ3 ಅಂತ ಶುರುವಾದರೆ ಕೆನಡಾದ ಒಂಟಾರಿಯೊ, 4ಟಿ3 ಅಂದರೆ ಕೆಂಟಕಿಯ ಜಾರ್ಜ್‌ಟೌನ್, ಜೆಟಿಎಂ ಅಂದರೆ ಜಪಾನ್. ಹೋಂಡಾ ಸಿಆರ್-ವಿ 2ಎಚ್‌ಕೆ ಅಂದರೆ ಒಂಟಾರಿಯೊ, 5ಜೆ6 ಅಂದರೆ ಒಹಾಯೊ, 7ಎಫ್‌ಎ ಅಂದರೆ ಇಂಡಿಯಾನಾ. ಒಂದೇ ಡೀಲರ್ ಅಂಗಳದಲ್ಲಿ ಅಕ್ಕಪಕ್ಕ ಎರಡು ದೇಶದ ಸಿಆರ್-ವಿ ನಿಂತಿರಬಹುದು. ಆದ್ದರಿಂದ "ಈ ಮಾದರಿ ಎಲ್ಲಿ ತಯಾರಾಗುತ್ತದೆ" ಅಂತ ಕೇಳಿದರೆ ಸಾಲದು, "ಈ ಗಾಡಿ ಎಲ್ಲಿ ತಯಾರಾಯಿತು" ಅಂತ ಕೇಳಬೇಕು.

ತುಂಗಾತೀರ ಅವರ ಪಟ್ಟಿಗೆ ಬಂದರೆ, ಎಸ್ಕೇಪ್ ಕೆಂಟಕಿಯ ಲೂಯಿವಿಲ್‌ನಲ್ಲಿ ತಯಾರಾದದ್ದು. ಗ್ರ್ಯಾಂಡ್ ಚೆರೋಕಿ ಡೆಟ್ರಾಯಿಟ್ ನಗರದೊಳಗಿನ ಜೆಫರ್ಸನ್ ನಾರ್ತ್ ಕಾರ್ಖಾನೆಯದು. ಫ್ಯೂಷನ್ ಹೆಚ್ಚಿನವು ಮೆಕ್ಸಿಕೊದ ಎರ್ಮೊಸಿಯೊದ್ದು, ಮಿಶಿಗನ್‌ನ ಫ್ಲ್ಯಾಟ್ ರಾಕ್‌ನಲ್ಲಿ ಆದವು ಕೆಲವೇ. ಈಕ್ವಿನಾಕ್ಸ್ ಹೆಚ್ಚಿನಂಶ ಕೆನಡಾ ಅಥವಾ ಮೆಕ್ಸಿಕೊ. ಕ್ಯಾಮ್ರಿ 1988ರಿಂದಲೂ ಜಾರ್ಜ್‌ಟೌನ್‌ನಲ್ಲಿ ಆಗುತ್ತಿದೆ.

ಇದು ಹೊಸ ಸಂಗತಿಯೂ ಅಲ್ಲ. ಪೊಲೀಸ್ ಗಾಡಿ, ಟ್ಯಾಕ್ಸಿ ಅಂದ ಕೂಡಲೇ ನೆನಪಾಗುವ ಫೋರ್ಡ್ ಕ್ರೌನ್ ವಿಕ್ಟೋರಿಯಾಕ್ಕಿಂತ ಅಮೆರಿಕನ್ ಆದ ಕಾರು ಇಲ್ಲ ಅನಿಸುತ್ತದಲ್ಲವೇ? ಅದು 2011ರಲ್ಲಿ ನಿಲ್ಲುವವರೆಗೂ ತಯಾರಾದದ್ದು ಕೆನಡಾದ ಸೇಂಟ್ ಥಾಮಸ್‌ನಲ್ಲಿ.

ಬಸವನಗುಡಿ ಬ್ಯಾಲೆನ್ಸ್‌ಶೀಟ್

ಜೋಡಣೆ ಎಲ್ಲಿ ಎನ್ನುವುದೊಂದೇ ಮಾನದಂಡವಾದರೆ ಅದನ್ನು ಒಪ್ಪುವುದು ಕಷ್ಟ. ಕಾರಿನ ಬೆಲೆಯಲ್ಲಿ ವಿನ್ಯಾಸ, ಪರೀಕ್ಷೆ, ತಂತ್ರಾಂಶ, ಆಡಳಿತ, ಲಾಭ ಎಲ್ಲವೂ ಸೇರಿವೆ. ಫೋರ್ಡ್ ಡಿಯರ್‌ಬಾರ್ನ್‌ನಲ್ಲಿ, ಜಿಎಂ ವಾರನ್‌ನಲ್ಲಿ ಸಾವಿರಾರು ಎಂಜಿನಿಯರುಗಳಿಗೆ ಸಂಬಳ ಕೊಡುತ್ತವೆ. ಲೇಬಲ್ ಇದನ್ನು ಎಣಿಸುವುದೇ ಇಲ್ಲ. ಅಮೆರಿಕನ್ ವಿಶ್ವವಿದ್ಯಾಲಯದ ಕೋಗಡ್ ಸ್ಕೂಲ್ ಪ್ರಕಟಿಸುವ ಸೂಚ್ಯಂಕ ಅದಕ್ಕೇ ಉಪಯುಕ್ತ: ಸಂಶೋಧನೆ ಎಲ್ಲಿ ನಡೆಯಿತು, ಲಾಭ ಯಾವ ದೇಶಕ್ಕೆ ಹೋಗುತ್ತದೆ ಎಂಬುದಕ್ಕೂ ಅದರಲ್ಲಿ ಅಂಕವಿದೆ. ಕಾರ್ಸ್ ಡಾಟ್ ಕಾಮ್‌ನ ಪಟ್ಟಿ ಜೋಡಣೆ, ಬಿಡಿಭಾಗ, ಕಾರ್ಖಾನೆಯ ಉದ್ಯೋಗದ ಕಡೆ ವಾಲುತ್ತದೆ. ಎರಡು ಪಟ್ಟಿಗಳು ಬೇರೆ ಬೇರೆ ಉತ್ತರ ಕೊಡುವುದು ಅದಕ್ಕೇ. ತಪ್ಪು ಯಾವುದರಲ್ಲೂ ಇಲ್ಲ, ಅವು ಅಳೆಯುವುದೇ ಬೇರೆ ಬೇರೆ.

ಹಾಗೆ ನೋಡಿದರೂ ಗೆರೆ ಎಳೆಯುವುದು ಸುಲಭವಲ್ಲ. ಜೀಪ್, ರ್‍ಯಾಮ್, ಕ್ರೈಸ್ಲರ್ ಈಗ ಸ್ಟೆಲಾಂಟಿಸ್ ಕೈಯಲ್ಲಿವೆ, 2021ರಲ್ಲಿ ರೂಪುಗೊಂಡ ಆ ಕಂಪನಿಯ ನೋಂದಣಿ ನೆದರ್ಲೆಂಡ್ಸ್‌ನಲ್ಲಿ. ಜಿಎಂ ಎಂಜಿನಿಯರಿಂಗ್ ಕೆಲಸದ ಒಂದು ಪಾಲು ನಮ್ಮ ಬೆಂಗಳೂರಿನ ತಾಂತ್ರಿಕ ಕೇಂದ್ರದಲ್ಲೂ ನಡೆಯುತ್ತದೆ. ಕೊಳ್ಳುವವರು ಮೊದಲು ತಮಗೆ ಮುಖ್ಯವಾದದ್ದು ಕಾರ್ಖಾನೆಯ ಕೂಲಿಯೋ, ಕಂಪನಿಯ ಲಾಭವೋ ಅಂತ ತೀರ್ಮಾನಿಸಿಕೊಳ್ಳಲಿ. ನನ್ನ ಮತ ಕಾರ್ಖಾನೆಗೆ. ಒಂದು ಊರಿನಲ್ಲಿ ಜೋಡಣಾ ಕಾರ್ಖಾನೆ ಇದ್ದರೆ ಸೀಟು, ಡ್ಯಾಶ್‌ಬೋರ್ಡ್, ಎಕ್ಸಾಸ್ಟ್ ಮಾಡುವ ಸರಬರಾಜುದಾರರೂ ಅದರ ಹತ್ತಿರವೇ ಬಂದು ಕೂರುತ್ತಾರೆ, ಅಷ್ಟೂ ಊಟದ ತಟ್ಟೆ ಆ ಜಿಲ್ಲೆಯದೇ.

ಹೊಸ ಕಾರು ಕೊಳ್ಳುವವರಿಗೆ ದುಡ್ಡಿನ ಲೆಕ್ಕವೂ ಇದೆ. 2025ರಲ್ಲಿ ಬಂದ ತೆರಿಗೆ ಕಾನೂನಿನಡಿ, 2025ರಿಂದ 2028ರವರೆಗೆ ಕಾರು ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 10,000 ಡಾಲರ್‌ವರೆಗೆ ಆದಾಯದಿಂದ ಕಳೆಯಬಹುದು. ಷರತ್ತುಗಳನ್ನು ಸರಿಯಾಗಿ ಓದಿಕೊಳ್ಳಿ: ಗಾಡಿ ಹೊಸದಾಗಿರಬೇಕು, ಕೊನೆಯ ಜೋಡಣೆ ಅಮೆರಿಕದಲ್ಲೇ ಆಗಿರಬೇಕು, ಸಾಲ 2024ರ ಡಿಸೆಂಬರ್ 31ರ ನಂತರದ್ದಾಗಿರಬೇಕು, ಸ್ವಂತ ಬಳಕೆಗೆ ಇರಬೇಕು. ಲೀಸ್‌ಗೆ ಅನ್ವಯಿಸುವುದಿಲ್ಲ. ಒಬ್ಬರ ಆದಾಯ 1 ಲಕ್ಷ ಡಾಲರ್, ದಂಪತಿ ಸೇರಿ ಸಲ್ಲಿಸಿದರೆ 2 ಲಕ್ಷ ದಾಟಿದ ಮೇಲೆ ಪ್ರತಿ ಸಾವಿರಕ್ಕೆ 200 ಡಾಲರಿನಂತೆ ಕಡಿತ ಇಳಿಯುತ್ತಾ ಹೋಗುತ್ತದೆ. ತೆರಿಗೆ ಅರ್ಜಿಯಲ್ಲಿ ವಿನ್ ನಂಬರ್ ಬರೆಯಬೇಕು. ಇಲ್ಲಿ ಕೆನಡಾಕ್ಕೆ ರಿಯಾಯಿತಿ ಇಲ್ಲ, ವಿನ್ 2ರಿಂದ ಶುರುವಾದರೆ ಕಡಿತ ಸಿಗದು. ಸಹಿ ಹಾಕುವ ಮೊದಲೇ ವಿನ್ ತೆಗೆದುಕೊಂಡು ಕಾರ್ಖಾನೆ ಪರಿಶೀಲಿಸಿ.

ಹಳೆಯ ಗಾಡಿಗೆ ಇದ್ಯಾವುದೂ ಇಲ್ಲವಾದ್ದರಿಂದ ತುಂಗಾತೀರ ಅವರು ಈ ಭಾಗ ಬಿಟ್ಟುಬಿಡಬಹುದು.

ಸ್ಪ್ಯಾನರ್ ಶೆಟ್ಟಿ

ಎಲ್ಲಿ ತಯಾರಾಯಿತು ಎನ್ನುವುದು ಒಂದು ವಿಷಯ, ಹೇಗೆ ಬಾಳುತ್ತದೆ ಎನ್ನುವುದು ಇನ್ನೊಂದು. "ಫೋರ್ಡ್ ಒಳ್ಳೆಯದಾ, ಶೆವಿ ಒಳ್ಳೆಯದಾ" ಅನ್ನುವ ಪ್ರಶ್ನೆಗೆ ಉತ್ತರವಿಲ್ಲ. ಮಾದರಿ, ವರ್ಷ, ಎಂಜಿನ್, ಗೇರ್‌ಬಾಕ್ಸ್ ನಾಲ್ಕನ್ನೂ ಸೇರಿಸಿ ಕೇಳಿದರೆ ಮಾತ್ರ ಉತ್ತರವಿದೆ. ಪಟ್ಟಿಯಲ್ಲಿರುವ ಗಾಡಿಗಳನ್ನೇ ತೆಗೆದುಕೊಳ್ಳೋಣ.

ಎಸ್ಕೇಪ್ 2013ರಿಂದ 2019: ಇದರಲ್ಲಿ ಟರ್ಬೊ ಇಲ್ಲದ 2.5 ಲೀಟರ್ ಎಂಜಿನ್, ಆಮೇಲೆ 1.5/1.6 ಮತ್ತು 2.0 ಇಕೊಬೂಸ್ಟ್ ಟರ್ಬೊಗಳು. 2.5 ಗಟ್ಟಿ ಎಂಜಿನ್. ಟೈಮಿಂಗ್ ಚೈನ್, ಪೋರ್ಟ್ ಇಂಜೆಕ್ಷನ್, ಬಿಚ್ಚಿ ರಿಪೇರಿ ಮಾಡಲು ಜಾಗವೂ ಇದೆ. ನಾಲ್ಕು ಸಿಲಿಂಡರಿನ 1.5 ಮತ್ತು 2017–2019ರ 2.0 ಟರ್ಬೊದಲ್ಲಿ ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಗೋಡೆಯ ನೆತ್ತಿಯಲ್ಲಿ ಕೂಲೆಂಟ್ ಹರಿಯಲು ಸಣ್ಣ ಕಾಲುವೆ ಕೊರೆದಿದ್ದಾರೆ. ಹೆಡ್ ಗ್ಯಾಸ್ಕೆಟ್ ಕೂರುವ ಜಾಗವೇ ಅಲ್ಲಿ ತೆಳು. ಬಿಸಿ ಏರಿ ಇಳಿದು ಗ್ಯಾಸ್ಕೆಟ್ ಸೋತರೆ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತದೆ. ಲಕ್ಷಣ: ಹೊರಗೆಲ್ಲೂ ಸೋರಿಕೆ ಕಾಣದು, ಆದರೂ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್ ಕೆಲವು ಸೆಕೆಂಡು ನಡುಗುತ್ತದೆ, ಬಿಳಿ ಹೊಗೆ ಬರುತ್ತದೆ, ಎಂಜಿನ್ ಕಂಪ್ಯೂಟರಿನಲ್ಲಿ ಪಿ0300ರಿಂದ ಪಿ0304ರವರೆಗಿನ ಮಿಸ್‌ಫೈರ್ ಕೋಡ್ ಅಥವಾ ಪಿ0316 ಬರುತ್ತದೆ. ಹೆಡ್ ಗ್ಯಾಸ್ಕೆಟ್ ಬದಲಾಯಿಸಿದರೆ ಸಾಲದು, ಬ್ಲಾಕ್ ಬದಲಾಯಿಸಬೇಕು, ಅದು ಗಾಡಿಯ ಬೆಲೆಯ ದೊಡ್ಡ ಪಾಲನ್ನೇ ತಿನ್ನುತ್ತದೆ. ಎಡ್ಜ್ 2015–2018 ಮತ್ತು ಫ್ಯೂಷನ್ 2017–2019ರ 2.0 ಟರ್ಬೊಕ್ಕೂ ಇದೇ ಮಾತು.

ಫ್ಯೂಷನ್ ಹೈಬ್ರಿಡ್ 2013ರಿಂದ 2020: ಇದರ 2.0 ಎಂಜಿನ್ ಬೇರೆ, ಟರ್ಬೊ ಇಲ್ಲದ್ದು. ಗೇರ್‌ಬಾಕ್ಸ್ ಕೂಡ ಎರಡು ಮೋಟಾರು, ಒಂದು ಪ್ಲಾನೆಟರಿ ಗೇರ್ ಇರುವ ಸರಳ ಇ-ಸಿವಿಟಿ. ಬೆಲ್ಟ್ ಇಲ್ಲ, ಕ್ಲಚ್ ಬದಲಾವಣೆ ಇಲ್ಲ. ಈ ಬೆಲೆಗೆ ಫೋರ್ಡ್‌ನಲ್ಲಿ ಸಿಗುವ ಅತ್ಯುತ್ತಮ ಯಂತ್ರ ಇದೇ ಅಂತ ನನ್ನ ಖಚಿತ ಅಭಿಪ್ರಾಯ. ಹೆಚ್ಚಿನವು ಮೆಕ್ಸಿಕೊದಲ್ಲಿ ತಯಾರಾದವು ಅನ್ನುವುದಷ್ಟೇ ನಿಮ್ಮ ಆಸೆಗೆ ಅಡ್ಡ ಬರುವುದು.

ಈಕ್ವಿನಾಕ್ಸ್ 2010ರಿಂದ 2013ರ 2.4 ಲೀಟರ್ ಮಾತ್ರ ಮುಟ್ಟಲೇಬೇಡಿ. ಪಿಸ್ಟನ್ ರಿಂಗ್ ಸೋತು ಆಯಿಲ್ ಉರಿಯುತ್ತದೆ, ಆಯಿಲ್ ಮಟ್ಟ ಇಳಿದಾಗ ಟೈಮಿಂಗ್ ಚೈನ್ ಸವೆಯುತ್ತದೆ. ಚಳಿ ಪ್ರದೇಶದಲ್ಲಿ ಇನ್ನೊಂದು ಕಾಟ: ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗಿನ, ಎಂಜಿನ್ ಒಳಗಿನ ಆವಿ ಹೊರಬಿಡುವ ಸಣ್ಣ ಪಿಸಿವಿ ರಂಧ್ರ ಕಸದಿಂದ ಕಿರಿದಾಗಿ, ತೇವ ಅಲ್ಲಿ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಕ್ರ್ಯಾಂಕ್‌ಕೇಸ್ ಒತ್ತಡಕ್ಕೆ ಹೊರದಾರಿ ಇಲ್ಲದೆ ಹಿಂಬದಿಯ ಕ್ರ್ಯಾಂಕ್ ಸೀಲ್ ಕಿತ್ತು ಬಂದು, ಹೆದ್ದಾರಿಯಲ್ಲೇ ಆಯಿಲ್ ಖಾಲಿಯಾಗುತ್ತದೆ. ಮಿಶಿಗನ್ ಚಳಿಯಲ್ಲಿ ಇದು ಬರೀ ಮಾತಿನ ಭಯವಲ್ಲ.

ಗ್ರ್ಯಾಂಡ್ ಚೆರೋಕಿ 3.6 ಪೆಂಟಾಸ್ಟಾರ್: ಬೇಸಿಕ್ ಎಂಜಿನ್ ಚೆನ್ನಾಗಿದೆ. 2014ರಿಂದ ಬಂದ ಎಂಟು ಗೇರಿನ ಝಡ್‌ಎಫ್ ವಿನ್ಯಾಸದ ಗೇರ್‌ಬಾಕ್ಸ್ ಅದ್ಭುತ. ದೋಷ ಎರಡು. ಇನ್‌ಟೇಕ್ ಕೆಳಗೆ, ವಿ ಆಕಾರದ ಕಣಿವೆಯಲ್ಲಿ ಕೂತಿರುವ ಪ್ಲಾಸ್ಟಿಕ್ ಆಯಿಲ್ ಫಿಲ್ಟರ್ ಹೌಸಿಂಗ್ ಬಿರುಕು ಬಿಡುತ್ತದೆ. ಆಯಿಲ್ ಕಣಿವೆಯಲ್ಲಿ ತುಂಬಿ, ಹಿಂದೆ ಹರಿದು ಗೇರ್‌ಬಾಕ್ಸ್ ಸಂದಿನಿಂದ ತೊಟ್ಟಿಕ್ಕುತ್ತದೆ. ಅವಸರದ ಮೆಕ್ಯಾನಿಕ್ ಹಿಂಬದಿಯ ಸೀಲ್ ಹೋಗಿದೆ ಅಂತ ಗೇರ್‌ಬಾಕ್ಸ್ ಇಳಿಸಿ ದೊಡ್ಡ ಬಿಲ್ ಮಾಡುತ್ತಾನೆ. ಮೊದಲು ಟಾರ್ಚ್ ಹಾಕಿ ಕಣಿವೆ ನೋಡಬೇಕು. ಎರಡನೆಯದು ರಾಕರ್ ಆರ್ಮ್ ರೋಲರಿನ ಸೂಜಿ ಬೇರಿಂಗ್ ಸವೆದು ಬರುವ ಟಿಕ್ ಟಿಕ್ ಸದ್ದು. ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ. ಬೇಗ ಹಿಡಿದರೆ ರಾಕರ್ ಮಾತ್ರ ಬದಲಾವಣೆ, ಬಿಟ್ಟರೆ ಕ್ಯಾಮ್‌ಶಾಫ್ಟ್ ಕೂಡ.

ಹುಬ್ಬಳ್ಳಿ ಹುಡುಗ

ಶೆಟ್ಟರು ಹೇಳಿದ್ದು ಖರೇ ಅದ. ನನ್ನದು ಒಂದ ಮಾತು: ಅಮೆರಿಕನ್ ಬ್ರ್ಯಾಂಡ್ ಅಂದ್ರ ಕಚ್ಚಾ, ಜಪಾನಿ-ಕೊರಿಯನ್ ಅಂದ್ರ ಪಕ್ಕಾ ಅಂತ ತಿಳ್ಕೋಬ್ಯಾಡ್ರಿ. ಹ್ಯುಂಡೈ ಸೊನಾಟಾ 2011-12ರ ಥೀಟಾ-2 ಎಂಜಿನ್ ಅಲಬಾಮಾದಾಗ ತಯಾರಾದವು. ಕ್ರ್ಯಾಂಕ್‌ಶಾಫ್ಟಿನ ಆಯಿಲ್ ದಾರಿ ಕೊರೆದ ಮ್ಯಾಲೆ ಲೋಹದ ಪುಡಿ ಪೂರಾ ತೊಳೆದು ಹೋಗಿರಲಿಲ್ಲ. ಅದು ಬೇರಿಂಗಿಗೆ ಹೋಗೋ ಆಯಿಲ್ ತಡೀತು, ಬೇರಿಂಗ್ ಹೋತು, ಎಂಜಿನ್ ಜಾಮ್. 2015ರಾಗ ರೀಕಾಲ್ (ಕಂಪನಿ ತಾನ ಗಾಡಿ ವಾಪಸ್ ಕರೆಸಿ ಸರಿ ಮಾಡೋದು) ಆತು, 2017ರಾಗ ಮತ್ತಷ್ಟು ಗಾಡಿ ಸೇರಿದವು. ಟೊಯೋಟಾ ಟಂಡ್ರಾ 2022-23ರ ವಿ6 ಟರ್ಬೊಕ್ಕೂ ಇದ ಥರ, ಯಂತ್ರದ ಕೆಲಸದ ಪುಡಿ ಎಂಜಿನ್ನ್ಯಾಗ ಉಳಿದು 2024ರಾಗ ಸುಮಾರು 1 ಲಕ್ಷ ಗಾಡಿ ರೀಕಾಲ್. ಜಿಎಂ 6.2 ವಿ8, ಅಂದ್ರ ಎಲ್87, 2021ರಿಂದ 2024ರ ಮಾದರಿ, 2025ರ ಏಪ್ರಿಲ್‌ನ್ಯಾಗ ಸುಮಾರು 6 ಲಕ್ಷ ಗಾಡಿ ರೀಕಾಲ್, ಕನೆಕ್ಟಿಂಗ್ ರಾಡ್ ಮತ್ತ ಕ್ರ್ಯಾಂಕ್ ದೋಷ. ತಪಾಸಣೆ ಪಾಸಾದ ಗಾಡಿಗೆ ಆಯಿಲನ್ನ 0ಡಬ್ಲ್ಯು-40ಕ್ಕ ಬದಲಿಸಿ, ಹೊಸಾ ಕ್ಯಾಪ್, ಫಿಲ್ಟರ್ ಕೊಡ್ತಾರ.

ಮೂರೂ ಕಂಪನಿ, ಮೂರೂ ಕಡೆ ಬೇರಿಂಗಿನ ಪಾಡು ಒಂದ. ಕೆಲಸಗಾರರ ದೇಶದ್ದಲ್ಲ ಇದು, ತೊಳಿಯೋದು, ಅಳತಿ ಮಾಡೋದು, ತಪಾಸಣೆ ಮಾಡೋದು ಎಷ್ಟು ಬಿಗಿ ಅದ ಅನ್ನೋದರ ಮ್ಯಾಲೆ. ಇದಕ್ಕ ದೊಡ್ಡ ಸಾಕ್ಷಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಜಿಎಂ ಅಲ್ಲಿ ಕಾರ್ಖಾನೆ ಮುಚ್ಚಿದ್ದು 1982ರಾಗ, ಗೈರುಹಾಜರಿ, ಜಗಳ, ಕೆಟ್ಟ ಗುಣಮಟ್ಟಕ್ಕ ಹೆಸರಾಗಿತ್ತು. 1984ರಾಗ ಟೊಯೋಟಾ ಜೋಡಿ ಸೇರಿ ನುಮ್ಮಿ ಅಂತ ತೆರೆದಾಗ ಹಳೇ ಕೆಲಸಗಾರರನ್ನ ಹೆಚ್ಚಾಗಿ ತಗೊಂಡರು. ಸಾಲಿನ ಮ್ಯಾಲೆ ನಿಂತವ ದೋಷ ಕಂಡ ಕೂಡಲೇ ಹಗ್ಗ ಎಳೆದು ಸಾಲು ನಿಲ್ಲಿಸಬಹುದು ಅನ್ನೋ ಪದ್ಧತಿ ಬಂತು, ಗುಣಮಟ್ಟ ಜಪಾನಿನ ಸಮಕ್ಕ ಬಂತು. ಈಗ ಅದ ಜಾಗಾದಾಗ ಟೆಸ್ಲಾ ಅದ.

ಸ್ಟೂಡೆಂಟ್ ಬಜೆಟ್ ಇದ್ದವರಿಗೆ ಒಂದು ಮಾತು ರೀ: ಅಲ್ಲೇ ತಯಾರಾದ ಪಾಂಟಿಯಾಕ್ ವೈಬ್, ಒಳಗ ಪೂರಾ ಟೊಯೋಟಾ, ಹೆಸರು ಜಿಎಂ ಅಂತ ರೇಟ್ ಕಡಿಮಿ. 2005ರಿಂದ 2008ರ ಗಾಡಿಗೆ ಎಂಜಿನ್ ಕಂಪ್ಯೂಟರ್ ರೀಕಾಲ್, ಏರ್‌ಬ್ಯಾಗ್ ರೀಕಾಲ್ ಆಗ್ಯಾವ ಇಲ್ಲ ಅಂತ ವಿನ್ ಹಾಕಿ ನೋಡ್ರಿ.

ಲ್ಯಾನ್ಸಿಂಗ್ ಲತಾ

ಪಿಕಪ್, ದೊಡ್ಡ ಎಸ್‌ಯುವಿ ನೋಡುವವರೂ ಈ ಚರ್ಚೆ ಓದುತ್ತಿರಬಹುದು, ಅವರಿಗಾಗಿ. ಜಿಎಂ 5.3 ವಿ8ನಲ್ಲಿ ಇಂಧನ ಉಳಿಸಲು ಕೆಲವು ಸಿಲಿಂಡರ್ ಮಲಗಿಸುವ ವ್ಯವಸ್ಥೆ ಇದೆ. ಹಳೆಯದರಲ್ಲಿ 1, 4, 6, 7ನೇ ಸಿಲಿಂಡರ್ ಮಾತ್ರ, 2019ರ ನಂತರದ ಡಿಎಫ್‌ಎಂ ಎಂಬ ಹೊಸ ವ್ಯವಸ್ಥೆಯಲ್ಲಿ ಎಂಟೂ. ಆ ಸಿಲಿಂಡರುಗಳ ಕವಾಟ ಎತ್ತುವ ಲಿಫ್ಟರ್ ಒಳಗಿನ ಪಿನ್ ಸಿಕ್ಕಿಕೊಂಡರೆ ಲಿಫ್ಟರ್ ಕುಸಿದು, ಪುಶ್‌ರಾಡ್ ಬಗ್ಗಿ, ಕ್ಯಾಮ್ ಹಾಳಾಗುತ್ತದೆ. ಹಳೆಯ ಗಾಡಿಯಲ್ಲಿ ಮಿಸ್‌ಫೈರ್ ಕೋಡ್ ಇದೇ ನಾಲ್ಕರಲ್ಲಿ ಒಂದಕ್ಕೆ ಬಂದು ಟಿಕ್ ಸದ್ದೂ ಇದ್ದರೆ, ಸ್ಪಾರ್ಕ್ ಪ್ಲಗ್ ಬದಲಾಯಿಸುತ್ತಾ ಕೂರಬೇಡಿ, ಅಲ್ಲಿಂದ ಎದ್ದು ಬನ್ನಿ. ಜಿಎಂನ ಡೆಕ್ಸೋಸ್ ಮಾನ್ಯತೆಯ ಆಯಿಲನ್ನು 5,000 ಮೈಲಿಗೆ ಬದಲಾಯಿಸಿದ ರಸೀತಿಗಳಿದ್ದರೆ ಅದು ದೊಡ್ಡ ಸಮಾಧಾನ. ಡ್ಯಾಶ್‌ಬೋರ್ಡಿನ ಪರ್ಸೆಂಟೇಜ್ ಶೂನ್ಯಕ್ಕೆ ಬರುವವರೆಗೆ ಕಾದವರ ಗಾಡಿ ಬೇಡ.

2015ರಿಂದ 2019ರ ಎಂಟು ಗೇರಿನ ಜಿಎಂ ಗಾಡಿಗಳಲ್ಲಿ ಸಣ್ಣ ಆಕ್ಸಿಲರೇಟರ್ ಕೊಟ್ಟು ಒಂದೇ ವೇಗದಲ್ಲಿ ಹೋಗುವಾಗ, ರಸ್ತೆ ಅಂಚಿನ ಗೆರೆಗಳ ಮೇಲೆ ಚಕ್ರ ಹತ್ತಿದಂತೆ ನಡುಕ ಬಂದರೆ ಅದು ಟಾರ್ಕ್ ಕನ್ವರ್ಟರ್ ಕ್ಲಚ್‌ದು. ಹಳೆಯ ಫ್ಲೂಯಿಡ್ ತೇವ ಹೀರಿಕೊಳ್ಳುವುದೇ ಕಾರಣ. ಪೂರ್ತಿ ಫ್ಲಶ್ ಮಾಡಿ ಹೊಸ ಸೂತ್ರದ ಮೊಬಿಲ್ 1 ಎಲ್‌ವಿ ಎಟಿಎಫ್ ಎಚ್‌ಪಿ ತುಂಬಿದ ಮೇಲೆ ಹೆಚ್ಚಿನವು ಸರಿಹೋಗುತ್ತವೆ. ಆ ಕೆಲಸದ ರಸೀತಿ ಕೇಳಿ.

ಫೋರ್ಡ್ ಎಕ್ಸ್‌ಪ್ಲೋರರ್ 2011ರಿಂದ 2019ರ 3.5 ವಿ6ನಲ್ಲಿ ವಾಟರ್ ಪಂಪ್ ಎಂಜಿನ್ ಒಳಗಿದೆ, ಟೈಮಿಂಗ್ ಚೈನ್ ಅದನ್ನು ತಿರುಗಿಸುತ್ತದೆ. ಸೀಲ್ ಸೋತರೆ ಮೊದಲು ಆಲ್ಟರ್ನೇಟರ್ ಹಿಂದಿನ ಸಣ್ಣ ರಂಧ್ರದಿಂದ ಕೂಲೆಂಟ್ ಜಿನುಗುತ್ತದೆ. ಅದನ್ನು ಗಮನಿಸದಿದ್ದರೆ ಆಯಿಲ್ ಪ್ಯಾನ್‌ಗೇ ಇಳಿದು ಬೇರಿಂಗ್ ತಿನ್ನುತ್ತದೆ. ಪಂಪ್ ಅಗ್ಗ, ಬಿಚ್ಚುವ ಕೂಲಿ ದುಬಾರಿ, ಹಾಗಾಗಿ ಬದಲಾಯಿಸುವಾಗ ಚೈನ್, ಗೈಡ್, ಟೆನ್ಷನರ್ ಒಟ್ಟಿಗೇ ಹಾಕಿಸುತ್ತಾರೆ. ಉದ್ದಕ್ಕೆ ಕೂರಿಸಿದ ಎಂಜಿನ್ ಇರುವ ಎಫ್-150ಯಲ್ಲಿ ಪಂಪ್ ಹೊರಗಿದೆ, ಅಲ್ಲಿ ಈ ಚಿಂತೆ ಇಲ್ಲ.

ಫೋರ್ಡ್ ಫೋಕಸ್ 2012–2016 ಆಟೊಮ್ಯಾಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಮಿಶಿಗನ್‌ನ ವೇಯ್ನ್‌ನಲ್ಲಿ ತಯಾರಾದದ್ದು, ಬೆಲೆಯೂ ಕಡಿಮೆ, ಹೊಸದಾಗಿ ಬಂದ ವಿದ್ಯಾರ್ಥಿಗಳು ಮೊದಲು ಕೈ ಹಾಕುವುದು ಅದಕ್ಕೇ. ಅದರಲ್ಲಿರುವುದು ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಇನ್‌ಪುಟ್ ಶಾಫ್ಟ್ ಸೀಲ್ ಸೋರಿ ಕ್ಲಚ್ಚಿಗೆ ಆಯಿಲ್ ತಾಗುತ್ತದೆ, ಟ್ರಾಫಿಕ್‌ನಲ್ಲಿ ಗಾಡಿ ಜರ್ಕ್ ಹೊಡೆಯುತ್ತದೆ, ಕಂಟ್ರೋಲ್ ಮಾಡ್ಯೂಲ್ ಕೂಡ ಕೈಕೊಡುತ್ತದೆ. ಅದೇ ಫೋಕಸ್ ಮ್ಯಾನುಯಲ್ ಗೇರಿನಲ್ಲಿ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ಊರಿನಲ್ಲಿ ಕ್ಲಚ್ ತುಳಿದು ಕಲಿತವರಿಗೆ ಅದರಲ್ಲಿ ಕಷ್ಟವೇನಿಲ್ಲ.

ತುಂಗಾತೀರ

ತುಂಬಾ ಉಪಯೋಗವಾಯಿತು. ಜೆ.ಡಿ. ಪವರ್ ಪ್ರಶಸ್ತಿ ಅಂತ ಜಾಹೀರಾತಿನಲ್ಲಿ ಹಾಕುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು?

ಟ್ರಾಯ್ ಗೌಡ

ಯಾವ ಸಮೀಕ್ಷೆ ಅಂತ ಮೊದಲು ನೋಡಿ. "ಇನಿಶಿಯಲ್ ಕ್ವಾಲಿಟಿ" ಅಂದರೆ ಕೊಂಡ ಮೊದಲ 90 ದಿನದಲ್ಲಿ ನೂರು ಗಾಡಿಗೆ ಎಷ್ಟು ದೂರು ಬಂದವು ಎಂಬುದು. ಅದರಲ್ಲಿ ಫೋನ್ ಬ್ಲೂಟೂತ್‌ಗೆ ಜೋಡಣೆಯಾಗದಿದ್ದರೂ ಒಂದು ದೂರು, ಗೇರ್‌ಬಾಕ್ಸ್ ನಿಂತರೂ ಒಂದು ದೂರು. "ವೆಹಿಕಲ್ ಡಿಪೆಂಡಬಿಲಿಟಿ" ಮೂರು ವರ್ಷದ ಗಾಡಿಗಳದ್ದು, ಸ್ವಲ್ಪ ಮೇಲು. ಮೇಲೆ ಶೆಟ್ಟರು, ಲತಾ ಅವರು ಹೇಳಿದ ದೋಷಗಳಲ್ಲಿ ಬಹುಪಾಲು 60 ಸಾವಿರ ಮೈಲಿ ದಾಟಿದ ಮೇಲೆ ತಲೆ ಎತ್ತುವಂಥವು, ಈ ಎರಡೂ ಸಮೀಕ್ಷೆಗೆ ಅವು ಕಾಣುವುದಿಲ್ಲ. ಅದಕ್ಕಿಂತ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಆ ಮಾದರಿ ವರ್ಷಕ್ಕೆ ಕಂಪನಿ ಡೀಲರುಗಳಿಗೆ ಕಳುಹಿಸಿದ ಸರ್ವಿಸ್ ಬುಲೆಟಿನ್ ಓದಿ. ಒಂದೇ ದೋಷಕ್ಕೆ ಮೂರು ನಾಲ್ಕು ಸಲ ತಿದ್ದುಪಡಿಯಾದ ಬುಲೆಟಿನ್ ಇದ್ದರೆ ಕಂಪನಿಗೇ ಇನ್ನೂ ಪರಿಹಾರ ಸರಿಯಾಗಿ ಸಿಕ್ಕಿಲ್ಲ ಅಂತ ಅರ್ಥ. ಹೊಸ ವಿನ್ಯಾಸದ ಮೊದಲ ವರ್ಷದ ಗಾಡಿ ಬೇಡ, ಯಾವ ಬ್ರ್ಯಾಂಡ್ ಆದರೂ.

ಸ್ಪ್ಯಾನರ್ ಶೆಟ್ಟಿ

ಗಾಡಿ ನೋಡಲು ಹೋದಾಗ ಮಾಡಬೇಕಾದದ್ದು ಹೇಳುತ್ತೇನೆ. ಗಾಡಿಯ ಕಂಪ್ಯೂಟರಿನ ಕೋಡ್ ಓದುವ 20–30 ಡಾಲರಿನ ಒಬಿಡಿ ಸ್ಕ್ಯಾನರ್, ಒಳ್ಳೆಯ ಟಾರ್ಚ್, ಹಳೆಯ ಸ್ಕ್ರೂಡ್ರೈವರ್, ಮಲಗಲು ಒಂದು ರಟ್ಟು ಇಟ್ಟುಕೊಳ್ಳಿ.

ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ಹೋದ ಕೂಡಲೇ ಸ್ಕ್ಯಾನರ್ ಹಾಕಿ ಕೀ ಆನ್ ಮಾಡಿ, ಕೂಲೆಂಟ್ ತಾಪ ಹೊರಗಿನ ಗಾಳಿಯ ತಾಪಕ್ಕೆ ಹತ್ತಿರ ಇದೆಯಾ ನೋಡಿ. ಹೆಚ್ಚಿದ್ದರೆ ಮೊದಲೇ ಓಡಿಸಿ ಬಿಸಿ ಮಾಡಿದ್ದಾರೆ, ಕೋಲ್ಡ್ ಸ್ಟಾರ್ಟ್‌ನ ನಡುಕ, ಸದ್ದು ನಿಮಗೆ ಸಿಗದು. ಕೋಡ್ ಇಲ್ಲ ಅನ್ನುವುದಷ್ಟಕ್ಕೇ ತೃಪ್ತರಾಗಬೇಡಿ. "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅಂತ ಲೈವ್ ಡೇಟಾದಲ್ಲಿ ಇರುತ್ತದೆ. ಅದು 15 ಮೈಲಿ ಅಂತ ತೋರಿಸಿದರೆ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ರೆಡಿನೆಸ್ ಮಾನಿಟರುಗಳು ಅಪೂರ್ಣ ಅಂತ ಬಂದರೆ, ಇವತ್ತು ಬೆಳಗ್ಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಧನದ ಅಳತೆಯಲ್ಲಿ ಕಂಪ್ಯೂಟರ್ ಮಾಡಿಕೊಳ್ಳುವ ಹೊಂದಾಣಿಕೆ) ಶೇಕಡಾ 10ರ ಆಚೆ, ಹೆಚ್ಚಾಗಲಿ ಕಡಿಮೆಯಾಗಲಿ, ಇದ್ದರೆ ಕಾರಣ ಹುಡುಕಬೇಕು.

ತುಕ್ಕಿನ ವಿಷಯ ಮಿಶಿಗನ್‌ನಲ್ಲಿ ಎಂಜಿನ್‌ನಷ್ಟೇ ದೊಡ್ಡದು. ಈ ರಾಜ್ಯದಲ್ಲಿ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆ ಇಲ್ಲ, ಆದ್ದರಿಂದ ಕೊಳೆತ ಗಾಡಿಯೂ ನಂಬರ್ ಪ್ಲೇಟ್ ಸಮೇತ ಓಡುತ್ತದೆ. ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್, ಹಿಂದಿನ ಚಕ್ರದ ಕಮಾನು, ಸಬ್‌ಫ್ರೇಮ್, ಇಂಧನ ಟ್ಯಾಂಕಿನ ಮೇಲೆ ಹಾಯುವ ಬ್ರೇಕ್ ಪೈಪು ಇವಿಷ್ಟನ್ನೂ ನೋಡಿ. ಮೇಲ್ಮೈ ಕೆಂಪಾಗಿದ್ದರೆ ಚಿಂತೆಯಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಸ್ಕ್ರೂಡ್ರೈವರ್ ಒತ್ತಿದಾಗ ಒಳಗೆ ಹೋದರೆ ಮುಗಿಯಿತು. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್ ಕಂಡರೆ ಇನ್ನೂ ಹೆಚ್ಚು ಅನುಮಾನಪಡಿ.

ಅಪಘಾತ ತಿಳಿಯಲು ಗಾಡಿಯ ಇತಿಹಾಸ ಹೇಳುವ ಕಾರ್‌ಫ್ಯಾಕ್ಸ್ ವರದಿ ಒಂದೇ ಸಾಲದು, ವಿಮೆಗೆ ಹೋಗದ ರಿಪೇರಿ ಅದರಲ್ಲಿ ಇರದು. ಎಷ್ಟೋ ಮಾದರಿಗಳಲ್ಲಿ ಬಾನೆಟ್, ಬಾಗಿಲು, ಫೆಂಡರಿನ ಒಳಗೆ ವಿನ್ ಇರುವ ಸಣ್ಣ ಸ್ಟಿಕ್ಕರ್ ಇರುತ್ತದೆ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಆ ಭಾಗ ಬದಲಾಗಿದೆ. ಬಣ್ಣದ ದಪ್ಪ ಅಳೆಯುವ ಗೇಜ್ ಇದ್ದರೆ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. 300 ದಾಟಿದರೆ ಮತ್ತೆ ಬಳಿದಿದ್ದಾರೆ.

ಕೊನೆಗೆ ಗಾಡಿ ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಎತ್ತಿಸಿ. 150–250 ಡಾಲರ್ ಆಗುತ್ತದೆ. ಟರ್ಬೊ ಎಂಜಿನ್ ಆದರೆ ಕೂಲಿಂಗ್ ಪ್ರೆಶರ್ ಟೆಸ್ಟ್, ಜೊತೆಗೆ ಬ್ಲಾಕ್ ಟೆಸ್ಟ್ ಮಾಡಿಸಿ, ಅದರ ನೀಲಿ ದ್ರವ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಸೋತಿರುವ ಲಕ್ಷಣ.

ಅಕ್ಕಿಹೆಬ್ಬಾಳು

ಕಾರಿನ ನಡುವೆ ಮನೆ ಸಾಮಾನಿನ ಬಗ್ಗೆ ಒಂದು ಮಾತು, "ಮೇಡ್ ಇನ್ ಯುಎಸ್‌ಎ" ಎಂಬ ಬರಹಕ್ಕೆ ಅಲ್ಲಿ ಬೇರೆಯೇ ನಿಯಮವಿದೆ. ಯಾವ ಷರತ್ತೂ ಇಲ್ಲದೆ ಹಾಗೆ ಬರೆಯಬೇಕಾದರೆ ವಸ್ತು "ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ" ಇಲ್ಲಿಯದೇ ಆಗಿರಬೇಕು ಎನ್ನುತ್ತದೆ ಫೆಡರಲ್ ಟ್ರೇಡ್ ಕಮಿಷನ್. 2021ರ ಆಗಸ್ಟ್‌ನಿಂದ ಇದಕ್ಕೆ ದಂಡ ಹಾಕಬಲ್ಲ ನಿಯಮವೂ ಜಾರಿಯಲ್ಲಿದೆ. "ಜಾಗತಿಕ ಸಾಮಗ್ರಿಗಳಿಂದ ಅಮೆರಿಕದಲ್ಲಿ ತಯಾರಿಸಿದ್ದು" ಅಂದರೆ ಜೋಡಣೆ ಇಲ್ಲಿ, ಬಿಡಿಭಾಗ ಹೊರಗಿನದ್ದು. "ಅಮೆರಿಕದಲ್ಲಿ ವಿನ್ಯಾಸ" ಅಂದರೆ ತಯಾರಿಕೆಯ ಬಗ್ಗೆ ಏನೂ ಹೇಳಿದಂತಲ್ಲ.

ಬಟ್ಟೆ ಒಗೆಯುವ ಯಂತ್ರದಲ್ಲಿ ವಿಸ್ಕಾನ್ಸಿನ್‌ನ ರಿಪನ್‌ನಲ್ಲಿ ತಯಾರಾಗುವ ಸ್ಪೀಡ್ ಕ್ವೀನ್ ನೋಡಿ. ಜಿಇ ಅಪ್ಲಾಯನ್ಸಸ್ ಕೆಂಟಕಿಯ ಲೂಯಿವಿಲ್‌ನಲ್ಲಿ ತಯಾರಿಸುತ್ತದೆ, ಮಾಲೀಕತ್ವ 2016ರಿಂದ ಚೀನಾದ ಹೈಯರ್‌ನದು. ಬಸವನಗುಡಿಯವರ ಕೂಲಿ-ಲಾಭದ ಪ್ರಶ್ನೆ ಅಲ್ಲೂ ಹಾಗೆಯೇ ಇದೆ. ದೋಸೆ ಕಾವಲಿಗೆ ಟೆನೆಸಿಯ ಸೌತ್ ಪಿಟ್ಸ್‌ಬರ್ಗ್‌ನ ಲಾಡ್ಜ್ ಬೀಡು ಕಬ್ಬಿಣದ ಗ್ರಿಡಲ್ ಚೆನ್ನ. ಅಂಗಡಿಯಲ್ಲಿ ಎಣ್ಣೆ ಪದರದ ಜೊತೆಗೇ ಬಂದರೂ ಮೇಲ್ಮೈ ತರಿತರಿ ಇರುತ್ತದೆ, ಮೊದಲ ವಾರಗಳು ಬರೀ ಚಪಾತಿ, ರೊಟ್ಟಿ ಬೇಯಿಸಿ ಪಳಗಿಸಿದರೆ ಆಮೇಲೆ ದೋಸೆ ಏಳುತ್ತದೆ. ಒಹಾಯೊದ ಮಿಕ್ಸರ್, ಬ್ಲೆಂಡರುಗಳನ್ನು ಊರಿಗೆ ಒಯ್ಯುವವರು ನೆನಪಿಡಿ: ಅವು 120 ವೋಲ್ಟ್‌ನವು, 230 ವೋಲ್ಟ್‌ಗೆ ನೇರ ಹಾಕಿದರೆ ಸುಟ್ಟುಹೋಗುತ್ತವೆ. 1,400 ವ್ಯಾಟ್ ಬ್ಲೆಂಡರಿಗೆ ಕನಿಷ್ಠ 2,000 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಭಾರಕ್ಕೆ ಊರಲ್ಲೇ ಮಿಕ್ಸಿ ಕೊಳ್ಳುವುದು ಲೇಸು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಪಟ್ಟಿ ಎರಡಕ್ಕೆ ಇಳಿಯಿತು: ಎಸ್ಕೇಪ್ ಎಸ್ 2017, 2.5 ಎಂಜಿನ್, 68 ಸಾವಿರ ಮೈಲಿ. ಗ್ರ್ಯಾಂಡ್ ಚೆರೋಕಿ 2016, 3.6 ಎಂಜಿನ್, 92 ಸಾವಿರ ಮೈಲಿ. ಎರಡರ ವಿನ್ನೂ 1ರಿಂದಲೇ ಶುರು. ಶೆಟ್ಟರೇ, ನಿಮ್ಮ ಆಯ್ಕೆ ಯಾವುದು?

ಸ್ಪ್ಯಾನರ್ ಶೆಟ್ಟಿ

ಎಳೆಯುವ ಟ್ರೇಲರ್ ಇಲ್ಲ, ಮಣ್ಣು ರಸ್ತೆ ಇಲ್ಲ ಅಂದರೆ ಎಸ್ಕೇಪ್. ಖರ್ಚು ಅರ್ಧ. 2.5ರಲ್ಲಿ ಆಲ್ ವೀಲ್ ಡ್ರೈವ್ ಸಿಗದು, ಆದರೆ ನಾಲ್ಕು ಒಳ್ಳೆಯ ಸ್ನೋ ಟೈರ್ ಹಾಕಿದ ಮುಂಚಕ್ರದ ಗಾಡಿ, ಸವೆದ ಆಲ್ ಸೀಸನ್ ಟೈರಿನ ಆಲ್ ವೀಲ್ ಡ್ರೈವ್‌ಗಿಂತ ಬೇಗ ನಿಲ್ಲುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಬರಹದ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ ಟೈರಿದ್ದರೆ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಶಿಫ್ಟರ್ ಕೇಬಲ್ ಬುಷಿಂಗ್ ರೀಕಾಲ್ ಆ ವಿನ್‌ಗೆ ಬಾಕಿ ಇದೆಯಾ ಅಂತಲೂ ನೋಡಿ. ಬುಷಿಂಗ್ ಕಿತ್ತರೆ ಲಿವರ್ ಪಾರ್ಕ್‌ನಲ್ಲಿದ್ದರೂ ಗೇರ್‌ಬಾಕ್ಸ್ ಪಾರ್ಕ್‌ಗೆ ಹೋಗಿರುವುದಿಲ್ಲ.

ಕೊಂಡ ಮೇಲೆ ಮೊದಲ ಕೆಲಸ ಗೇರ್‌ಬಾಕ್ಸ್ ಫ್ಲೂಯಿಡ್. ಆರು ಗೇರಿನ 6ಎಫ್35ಕ್ಕೆ ಮರ್ಕಾನ್ ಎಲ್‌ವಿ ಮಾತ್ರ. ಒಂದು ಸಲ ಡ್ರೈನ್ ಮಾಡಿದರೆ ಅರ್ಧದಷ್ಟೇ ಇಳಿಯುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ ಕೂತಿರುತ್ತದೆ. ಆದ್ದರಿಂದ ಬದಲಾಯಿಸಿ, ಕೆಲವು ದಿನ ಓಡಿಸಿ, ಮತ್ತೆ ಬದಲಾಯಿಸಿ. ಆಮೇಲೆ 30ರಿಂದ 40 ಸಾವಿರ ಮೈಲಿಗೊಮ್ಮೆ ಸಾಕು.

ಗ್ರ್ಯಾಂಡ್ ಚೆರೋಕಿಯೇ ಬೇಕೆನಿಸಿದರೆ ಏರ್ ಸಸ್ಪೆನ್ಷನ್ ಇಲ್ಲದ್ದನ್ನು ಆರಿಸಿ. 2016ರದ್ದಾದ್ದರಿಂದ 2014-15ರ ಶಿಫ್ಟರ್ ರೀಕಾಲ್ ಇದಕ್ಕೆ ತಾಗುವುದಿಲ್ಲ. ಟಾರ್ಚ್ ಹಾಕಿ ಕಣಿವೆ ನೋಡುವುದನ್ನು ಮರೆಯಬೇಡಿ. ಆಯಿಲ್ ಬದಲಾಯಿಸುವವರಿಗೆ ಫಿಲ್ಟರ್ ಕ್ಯಾಪನ್ನು 25 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಿಗಿ ಮಾಡಬೇಡಿ ಅಂತ ಮೊದಲೇ ಹೇಳಿ. ಆ ಪ್ಲಾಸ್ಟಿಕ್ ಹೌಸಿಂಗ್ ಎಷ್ಟೋ ಸಲ ಒಡೆಯುವುದು ವಯಸ್ಸಿನಿಂದಲ್ಲ, ಉದ್ದನೆಯ ರಾಚೆಟ್‌ನಿಂದ.